ದಿನನಿತ್ಯದ ಬದುಕಿನಲ್ಲಿ ಖುಷಿಗೆ ಜಾಗ ಮಾಡುವುದು ಹೇಗೆ

ಕೆಲಸ ಇದೆ, ಸಂಬಳ ಸರಿಯಾಗಿ ಬರುತ್ತದೆ, ಮನೆಯಲ್ಲಿ ಎಲ್ಲರ ಆರೋಗ್ಯವೂ ಪರವಾಗಿಲ್ಲ. ಯಾರಾದರೂ ಕೇಳಿದರೆ "ಎಲ್ಲ ಚೆನ್ನಾಗಿದೆ" ಎನ್ನುತ್ತೀರಿ. ಆದರೆ ರಾತ್ರಿ ದಿಂಬಿಗೆ ತಲೆ ಕೊಟ್ಟು, ಇವತ್ತು ಯಾವಾಗ ಖುಷಿಯಾಗಿದ್ದೆ ಎಂದು ಯೋಚಿಸಿದರೆ ಒಂದೂ ನೆನಪಿಗೆ ಬರುವುದಿಲ್ಲ. ಈ ಬರಹ ಅಂಥವರಿಗೆ.

"ಖುಷಿ ನಮ್ಮ ಕೈಯಲ್ಲೇ ಇದೆ" ಎಂದು ಎಲ್ಲರೂ ಹೇಳುತ್ತಾರೆ. ಹೇಗೆ ಎಂದು ಕೇಳಿದರೆ "ಪಾಸಿಟಿವ್ ಆಗಿ ಯೋಚನೆ ಮಾಡಿ" ಎನ್ನುತ್ತಾರೆ. ನನಗೆ ಈ ಮಾತಿನಲ್ಲಿ ನಂಬಿಕೆ ಇಲ್ಲ. ಖುಷಿಪಡು ಎಂದು ಅಪ್ಪಣೆ ಮಾಡಿದರೆ ಮನಸ್ಸು ಕೇಳುವುದಿಲ್ಲ. ದಿನ ಮಾತ್ರ ಸ್ವಲ್ಪ ನಮ್ಮ ಮಾತು ಕೇಳುತ್ತದೆ. ಯಾವ ಹೊತ್ತಿನಲ್ಲಿ ಏನು ಮಾಡುತ್ತೇವೆ, ಯಾರ ಜೊತೆ ಕೂರುತ್ತೇವೆ, ಫೋನ್ ಎಲ್ಲಿ ಇಡುತ್ತೇವೆ, ಯಾವುದನ್ನು ಬಿಡುತ್ತೇವೆ, ಇಷ್ಟನ್ನು ಅಲ್ಲಲ್ಲಿ ತಿದ್ದಬಹುದು. ತಿದ್ದಿದರೆ ಖುಷಿ ಬಂದು ಕೂರಲು ಜಾಗ ಸಿಗುತ್ತದೆ. ಆರಿಸಿಕೊಳ್ಳುವುದು ಎಂದರೆ ನನ್ನ ಪ್ರಕಾರ ಇದೇ.

ಮುಂದೆ ಹೋಗುವ ಮೊದಲು ಒಂದು ಮಾತು. ಇತ್ತೀಚೆಗೆ ಮನೆಯಲ್ಲಿ ಸಾವಾಗಿದ್ದರೆ, ದೊಡ್ಡ ಪೆಟ್ಟು ಬಿದ್ದಿದ್ದರೆ, ಈಗ ಇದನ್ನೆಲ್ಲ ಓದಿ ಮಾಡಬೇಕಾಗಿಲ್ಲ. ದುಃಖಕ್ಕೂ ಅದರದ್ದೇ ಹೊತ್ತು ಬೇಕು. ಎರಡು ವಾರ ಕಳೆದರೂ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ ಎಂದರೆ ಅದು ಖಿನ್ನತೆ ಇರಬಹುದು, ಡಾಕ್ಟರಿಗೆ ತೋರಿಸಿ. ಬದುಕೇ ಬೇಡ ಅನ್ನಿಸುತ್ತಿದ್ದರೆ ವಾರ ಲೆಕ್ಕ ಹಾಕುತ್ತಾ ಕೂರಬೇಡಿ, ಈಗಲೇ 14416ಕ್ಕೆ ಫೋನ್ ಮಾಡಿ. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಉಳಿದವರು ಬನ್ನಿ.

ಮೊದಲು ಬರೆದು ನೋಡಿ

ನಮಗೆ ಯಾವುದು ಖುಷಿ ಕೊಡುತ್ತದೆ ಎಂದು ನಮಗೆ ಗೊತ್ತು ಅಂತಲೇ ಎಲ್ಲರೂ ಅಂದುಕೊಂಡಿರುತ್ತೇವೆ. ಬರೆದು ನೋಡಿದಾಗ ಲೆಕ್ಕ ಬೇರೆಯೇ ಬರುತ್ತದೆ.

ಮಕ್ಕಳ ಹಳೇ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆ ಸಾಕು. ಒಂದು ವಾರ, ರಾತ್ರಿ ಮಲಗುವ ಮೊದಲು, ಇವತ್ತು ಯಾವ ಹೊತ್ತಿನಲ್ಲಿ ಮನಸ್ಸು ಹಗುರವಾಗಿತ್ತು, ಆಗ ಏನು ಮಾಡುತ್ತಿದ್ದೆ, ಜೊತೆಯಲ್ಲಿ ಯಾರಿದ್ದರು ಎಂದು ಎರಡು ಸಾಲು ಬರೆಯಿರಿ. "ಕುಟುಂಬ", "ಆರೋಗ್ಯ", "ದೇವರ ದಯೆ" ಎಂದು ದೊಡ್ಡ ದೊಡ್ಡ ಮಾತು ಬರೆಯಬೇಡಿ. ಅವು ದಿನಾ ಅವೇ ಇರುತ್ತವೆ, ಮೂರನೇ ದಿನಕ್ಕೆ ಬರೆಯುವುದೇ ಬೇಜಾರಾಗುತ್ತದೆ. "ಪಕ್ಕದ ಮನೆ ಬೆಕ್ಕು ಹಾಲಿನ ಪಾತ್ರೆ ಉರುಳಿಸಿದ್ದನ್ನು ಅಮ್ಮ ಫೋನಿನಲ್ಲಿ ಹೇಳಿ ನಕ್ಕರು" ಎಂದು ಬರೆಯಿರಿ. "ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು, ಹೊರಗೆ ಸಣ್ಣಗೆ ಮಳೆ" ಎಂದು ಬರೆಯಿರಿ. ಏನೂ ಇರಲಿಲ್ಲ ಅನ್ನಿಸಿದ ದಿನ ಏನೂ ಇರಲಿಲ್ಲ ಎಂದೇ ಬರೆಯಿರಿ, ಅದೂ ಒಂದು ಮಾಹಿತಿಯೇ.

ವಾರ ಮುಗಿದ ಮೇಲೆ ಕೂತು ಓದಿ. ಕೆಲವು ಹೆಸರು, ಕೆಲವು ಜಾಗ, ದಿನದ ಕೆಲವು ಹೊತ್ತು ಮತ್ತೆ ಮತ್ತೆ ಬಂದಿರುತ್ತವೆ. ನೀವು ಜಾಸ್ತಿ ದುಡ್ಡು ಸುರಿದದ್ದು ಅಲ್ಲಿ ಇಲ್ಲದೆಯೂ ಇರಬಹುದು. ಮಾಲ್‌ಗೆ ಹೋದದ್ದು ಇಲ್ಲ, ಹೊಸ ಫೋನ್ ಇಲ್ಲ, ಆದರೆ ಸಂಜೆ ಮಗಳ ಜೊತೆ ಕಟ್ಟೆ ಮೇಲೆ ಕೂತು ಹುರಿಗಡಲೆ ತಿಂದದ್ದು ಎರಡು ಸಲ ಬಂದಿದೆ ಎಂದುಕೊಳ್ಳಿ. ಹಾಗಿದ್ದರೆ ಮುಂದಿನ ವಾರ ಆ ಕಟ್ಟೆಗೆ ಇನ್ನೂ ಎರಡು ಸಂಜೆ ಕೊಡಿ. ಬೇರೆ ಯಾರೋ ಹೇಳಿದ ಧ್ಯಾನ, ಯೋಗ, ಐದು ಗಂಟೆಗೆ ಏಳುವುದು, ಇವೆಲ್ಲ ಆಮೇಲೆ ನೋಡಿಕೊಳ್ಳೋಣ. ನಿಮ್ಮ ಪಟ್ಟಿಯಲ್ಲಿ ಇರುವುದನ್ನು ಮೊದಲು ಜಾಸ್ತಿ ಮಾಡಿ.

ಮೊದಲ ವಾರ ಆದಮೇಲೆ ದಿನಾ ಬರೆಯಬೇಕೆಂದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲ್ಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಗುಂಪಿನವರು ತಮಗೆ ಒಳ್ಳೆಯದಾಗಿದ್ದಕ್ಕೆ ಕೃತಜ್ಞತೆ ಅನ್ನಿಸಿದ ಐದರವರೆಗಿನ ಸಂಗತಿಗಳನ್ನು ಬರೆದರು, ಇನ್ನೊಂದು ಗುಂಪಿನವರು ಕಿರಿಕಿರಿಗಳನ್ನು ಬರೆದರು. ಮೊದಲಿನವರಿಗೆ ತಮ್ಮ ಬದುಕಿನ ಬಗ್ಗೆ ಜಾಸ್ತಿ ಸಮಾಧಾನ ಇತ್ತು. ಅವರು ಬರೆಯುತ್ತಿದ್ದದ್ದು ವಾರಕ್ಕೆ ಒಂದೇ ಸಲ, ಹತ್ತು ವಾರ. ಭಾನುವಾರ ರಾತ್ರಿ ಹತ್ತು ನಿಮಿಷ ಇಟ್ಟುಕೊಳ್ಳಿ, ಸಾಕು.

ಸಾಲ ತೀರಿದ ಮೇಲೆ ಖುಷಿಯಾಗಿರುತ್ತೇನೆ ಎನ್ನುವವರಿಗೆ

ದುಡ್ಡಿನಿಂದ ಖುಷಿ ಸಿಗುವುದಿಲ್ಲ ಎಂದು ನಾನು ಹೇಳುವುದಿಲ್ಲ. ಬಾಡಿಗೆ ಕಟ್ಟಲು ಪರದಾಡುವವರಿಗೆ, ಬಡ್ಡಿಯಲ್ಲಿ ಮುಳುಗಿದವರಿಗೆ ದುಡ್ಡು ಬಂದರೆ ಉಸಿರು ಬಂದ ಹಾಗೆ ಆಗುತ್ತದೆ, ಅದನ್ನು ಅಲ್ಲಗಳೆಯುವವರಿಗೆ ಬಡತನ ಗೊತ್ತಿಲ್ಲ. ಆದರೆ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಂಡು ನೋಡಿ. ನಿಮ್ಮ ಬದುಕು ಹೇಗಿದೆ ಎನ್ನುವುದು ಒಂದು. ಇವತ್ತು ಬೆಳಗ್ಗೆ ಹೇಗಿತ್ತು ಎನ್ನುವುದು ಇನ್ನೊಂದು. ಸ್ವೀಡನ್‌ನಲ್ಲಿ ದೊಡ್ಡ ಲಾಟರಿ ಗೆದ್ದವರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊದಲ ಪ್ರಶ್ನೆಗೆ ಅವರ ಉತ್ತರ ಹತ್ತು ವರ್ಷ ಕಳೆದ ಮೇಲೂ ಚೆನ್ನಾಗಿಯೇ ಇತ್ತು. ಖುಷಿಯಾಗಿದ್ದೀರಾ ಎಂದು ಕೇಳಿದಾಗ ಮಾತ್ರ ವ್ಯತ್ಯಾಸ ಅಷ್ಟು ದೊಡ್ಡದಾಗಿರಲಿಲ್ಲ. ಇದಕ್ಕೂ ಹಿಂದೆ, 1978ರಲ್ಲಿ, ಅಮೆರಿಕದಲ್ಲಿ ಲಾಟರಿ ಗೆದ್ದ 22 ಜನರನ್ನು ಮಾತಾಡಿಸಿದ್ದರು. ಚಿಕ್ಕ ಅಧ್ಯಯನ, ನಿಜ. ಆದರೆ ಅದರಲ್ಲಿ ಒಂದು ವಿಷಯ ನನ್ನನ್ನು ಬಿಟ್ಟಿಲ್ಲ. ಬೆಳಗಿನ ತಿಂಡಿ ತಿನ್ನುವುದು, ಗೆಳೆಯರ ಜೊತೆ ಮಾತಾಡುವುದು, ಜೋಕ್ ಕೇಳಿ ನಗುವುದು, ಇಂಥ ದಿನನಿತ್ಯದ ಸಂಗತಿಗಳಲ್ಲಿ ಆ ಗೆದ್ದವರಿಗೆ ಸಿಗುತ್ತಿದ್ದ ಸುಖ ಉಳಿದವರಿಗೆ ಸಿಗುತ್ತಿದ್ದುದಕ್ಕಿಂತ ಕಡಿಮೆ ಇತ್ತು.

ಹಾಗಾಗಿ ಸೈಟ್ ತೆಗೆದುಕೊಳ್ಳಿ, ಸಾಲ ತೀರಿಸಿ, ಪ್ರಮೋಷನ್‌ಗೆ ದುಡಿಯಿರಿ. ಬೆಳಗಿನ ತಿಂಡಿಯ ಖುಷಿಯನ್ನು ಮಾತ್ರ ಅಲ್ಲಿಯವರೆಗೆ ಮುಂದೂಡಬೇಡಿ. ಅದಕ್ಕೂ ಇದಕ್ಕೂ ಸಂಬಂಧ ನಾವು ಅಂದುಕೊಂಡಷ್ಟು ಇಲ್ಲ.

ಕಾದು ತಿಂದರೆ ರುಚಿ

ಯಾವ ಒಳ್ಳೆಯದೇ ಆಗಲಿ, ದಿನಾ ಸಿಕ್ಕರೆ ಸಪ್ಪೆ. ಇದು ಅಜ್ಜಿಯರಿಗೆ ಗೊತ್ತಿದ್ದ ವಿಷಯ. 2013ರಲ್ಲಿ ಇಬ್ಬರು ಸಂಶೋಧಕರು ಇದನ್ನು ಚಾಕೊಲೇಟ್ ಕೊಟ್ಟು ನೋಡಿದರು. ಒಂದು ವಾರ ಮುಟ್ಟಬೇಡಿ ಎಂದು ಕೆಲವರಿಗೆ, ಬೇಕಾದಷ್ಟು ತಿನ್ನಿ ಎಂದು ಕೆಲವರಿಗೆ ಹೇಳಿದರು. ವಾರ ಬಿಟ್ಟು ಒಂದು ತುಂಡು ಬಾಯಿಗಿಟ್ಟಾಗ ಜಾಸ್ತಿ ಖುಷಿಪಟ್ಟವರು ಬಿಟ್ಟಿದ್ದವರೇ.

ನಮ್ಮ ಕಡೆ ಈ ಕೆಲಸವನ್ನು ಕಾಲವೇ ಮಾಡುತ್ತಿತ್ತು. ಅವರೆಕಾಯಿಯನ್ನೇ ನೋಡಿ. ಬೆಂಗಳೂರು, ಮಾಗಡಿ, ಕೋಲಾರದ ಕಡೆ ಡಿಸೆಂಬರ್ ಜನವರಿ ಬಂತೆಂದರೆ ರಸ್ತೆ ಪಕ್ಕದಲ್ಲಿ ಗೋಣಿಚೀಲ ಹಾಸಿ ರಾಶಿ ಹಾಕಿರುತ್ತಾರೆ. ಒಂದು ಕಾಯಿ ಎತ್ತಿ ಮೂಗಿನ ಹತ್ತಿರ ಹಿಡಿದರೆ ಸೊಗಡು ಘಮ್ಮೆನ್ನುತ್ತದೆ, ಬೆರಳಿಗೆ ಸ್ವಲ್ಪ ಅಂಟಂಟು ಆಗುತ್ತದೆ. ಮನೆಗೆ ತಂದು ಕಾಯಿ ಬಿಡಿಸಿ, ಹುಳ ಇದ್ದದ್ದನ್ನು ಆರಿಸಿ ಎಸೆದು, ಕಾಳನ್ನು ರಾತ್ರಿ ನೀರಿಗೆ ಹಾಕಬೇಕು. ಬೆಳಗ್ಗೆ ಪಾತ್ರೆ ನಡುವೆ ಇಟ್ಟುಕೊಂಡು ಮನೆಯವರೆಲ್ಲ ಸುತ್ತ ಕೂರುವುದು. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಹಾರುತ್ತದೆ. ಮಕ್ಕಳು ಬೇಕೆಂದೇ ಒಬ್ಬರ ಮೇಲೊಬ್ಬರು ಹಾರಿಸುತ್ತಾರೆ. ಬೆರಳ ತುದಿ ನೆನೆದು ಸುಕ್ಕಾಗಿರುತ್ತದೆ, ಕೈ ಒದ್ದೆ ಇರುವುದರಿಂದ ಫೋನ್ ಮುಟ್ಟುವ ಹಾಗಿಲ್ಲ, ಬೇರೆ ಕೆಲಸ ಇಲ್ಲದ ಬಾಯಿ ಸುಮ್ನೆ ಮಾತಾಡುತ್ತಿರುತ್ತದೆ, ಎಂದೋ ತೀರಿಕೊಂಡ ಸೋದರಮಾವನ ಕತೆಯಿಂದ ಹಿಡಿದು ಮೊನ್ನೆ ಮದುವೆಯಲ್ಲಿ ಪಾಯಸ ಕಮ್ಮಿ ಬಿದ್ದದ್ದರವರೆಗೆ. ಅಷ್ಟೊತ್ತು ಕೂತು ಹಿತಕಿದರೆ ಸಿಗುವುದು ಒಂದು ಹೊತ್ತಿನ ಹಿತಕಿದ ಬೇಳೆ ಸಾರು. ಮುದ್ದೆ ಜೊತೆ ಒಂದೇ ಹೊತ್ತಿಗೆ ಖಾಲಿ. ಆದರೆ ಮಾರ್ಚ್ ಆದಮೇಲೆ ಬೇಕೆಂದರೂ ಅದು ಸಿಗುವುದಿಲ್ಲ ಎಂದು ಗೊತ್ತಿರುವುದರಿಂದ ಯಾರೂ ಅದನ್ನು ಟಿವಿ ನೋಡುತ್ತಾ ತಿನ್ನುವುದಿಲ್ಲ, ಅಲ್ವಾ?

ಈಗ ಹಿತಕಿದ್ದೇ ಪ್ಯಾಕೆಟ್‌ನಲ್ಲಿ ಸಿಗುತ್ತದೆ. ಕೆಲಸಕ್ಕೆ ಹೋಗುವವರಿಗೆ ಅದು ಅನುಕೂಲ, ತಪ್ಪೇನಿಲ್ಲ. ಆದರೆ ವರ್ಷದಲ್ಲಿ ಒಂದು ಭಾನುವಾರವಾದರೂ ಕಾಯಿಯನ್ನೇ ತನ್ನಿ. ನಿಮ್ಮ ಕಡೆ ಅವರೆ ಇಲ್ಲದಿದ್ದರೆ ನಿಮ್ಮದೇ ಯಾವುದೋ ಇರುತ್ತದೆ. ಉತ್ತರ ಕರ್ನಾಟಕದವರಿಗೆ ಚಳಿಗಾಲದ ಸೀತನಿ, ಮಲೆನಾಡಿನವರಿಗೆ ಮಳೆಗಾಲದ ಕಳಲೆ, ಬಸವನಗುಡಿಯವರಿಗೆ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ. ಪರದೇಶದಲ್ಲಿ ಇದ್ದರೆ ಅಲ್ಲಿನ ಸ್ಟ್ರಾಬೆರಿ ಕಾಲವೋ, ಸೇಬಿನ ಕಾಲವೋ. ಕ್ಯಾಲೆಂಡರ್‌ನಲ್ಲಿ ಮೊದಲೇ ಗುರುತು ಹಾಕಿಕೊಳ್ಳಿ. ಕಾಯುವುದೂ ಖುಷಿಯ ಭಾಗವೇ.

ದಿನಾ ಸಿಗುವುದಕ್ಕೂ ಹೀಗೇ ಮಾಡಬಹುದು. ದಿನಾ ಸ್ವಿಗ್ಗಿಯಲ್ಲಿ ತರಿಸುವ ಬಿರಿಯಾನಿಯನ್ನು ಶನಿವಾರಕ್ಕೆ ಇಡಿ. ನಾಲ್ಕನೇ ಲೋಟ ಕಾಫಿ ಬಿಟ್ಟು ನೋಡಿ, ಮೊದಲನೆಯದು ಚೆನ್ನಾಗಿರುತ್ತದೆ.

ಆ ಖುಷಿಯ ದುಡಿಮೆ ಯಾರದ್ದು?

ಇದನ್ನು ಹೇಳದೆ ಮುಂದೆ ಹೋದರೆ ಮೇಲೆ ಹೇಳಿದ್ದೆಲ್ಲ ಸುಳ್ಳಾಗುತ್ತದೆ. ಎಷ್ಟೋ ಮನೆಗಳಲ್ಲಿ ಎಲ್ಲರ ಖುಷಿಗೂ ದುಡಿಯುವವರು ಒಬ್ಬರೇ. ಅವರೆಕಾಯಿ ತರುವುದು ಅಪ್ಪ, ತಿನ್ನುವುದು ಎಲ್ಲರು, ಬಿಡಿಸಿ ಹಿತಕಿ ರುಬ್ಬಿ ಬೇಯಿಸಿ ಪಾತ್ರೆ ತೊಳೆಯುವುದು ಅಮ್ಮ. ಅಮ್ಮನಿಗೆ ಅದು ಹಬ್ಬ ಅಲ್ಲ, ಇನ್ನೊಂದು ಕೆಲಸ. ಕೇಂದ್ರ ಸರ್ಕಾರ 2019ರಲ್ಲಿ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ಕೊಡುತ್ತಿದ್ದದ್ದು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. ಆ ಕೆಲಸ ಮಾಡುವ ಗಂಡಸರನ್ನು ಮಾತ್ರ ಲೆಕ್ಕ ಹಿಡಿದರೂ ಇಷ್ಟು ಅಂತರ, ಮಾಡದವರನ್ನು ಸೇರಿಸಿದರೆ ಇನ್ನೂ ಜಾಸ್ತಿ.

ಆದ್ದರಿಂದ ಗಂಡಸರಿಗೆ ನೇರವಾಗಿ ಹೇಳುತ್ತೇನೆ. ನಿಮ್ಮ ಹೆಂಡತಿ ಯಾವಾಗಲೂ ಸಿಡಿಮಿಡಿ ಎನ್ನುತ್ತಾಳೆ ಅನ್ನಿಸಿದರೆ ಅವಳಿಗೆ ಖುಷಿಯಾಗಿರುವ ಪಾಠ ಹೇಳಬೇಡಿ. ಒಂದು ಕೆಲಸವನ್ನು ಪೂರ್ತಿ ನಿಮ್ಮದು ಮಾಡಿಕೊಳ್ಳಿ. "ಹೇಳು, ಮಾಡ್ತೀನಿ" ಅನ್ನುವುದು ಬೇಡ, ಹೇಳುವುದೂ ಒಂದು ಕೆಲಸವೇ. ರಾತ್ರಿ ಪಾತ್ರೆ ನಿಮ್ಮದು ಎಂದರೆ ಸಿಂಕ್ ಒರೆಸುವುದು, ಸೋಪು ಮುಗಿದರೆ ತರುವುದು, ಬೆಳಗಿನ ಹಾಲಿನ ಪಾತ್ರೆ ತೊಳೆದು ಇಡುವುದು, ಎಲ್ಲ ನಿಮ್ಮದೇ.

ಇನ್ನು ಆ 299 ನಿಮಿಷ ಹೊತ್ತವರು ನೀವೇ ಆಗಿದ್ದರೆ, ನಿಮ್ಮ ಪಾಲಿಗೆ ಖುಷಿ ಆರಿಸುವುದು ಎಂದರೆ ಮೊದಲು ಒಂದು ಕೆಲಸ ಬಿಡುವುದು. ಹಬ್ಬಕ್ಕೆ ಒಂದು ಸಿಹಿ ಸಾಕು. ನೆಂಟರು ಏನಂದುಕೊಳ್ಳುತ್ತಾರೋ ಅಂದುಕೊಳ್ಳಲಿ.

ಕೈ ಎಲ್ಲಿದೆಯೋ ಮನಸ್ಸೂ ಅಲ್ಲೇ

2010ರಲ್ಲಿ ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್, 2250 ಜನರಿಗೆ ಫೋನಿನಲ್ಲಿ ಆಗಾಗ ಪ್ರಶ್ನೆ ಕಳಿಸಿದರು. ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯಾ, ಎಷ್ಟು ಖುಷಿಯಾಗಿದ್ದೀರಿ ಎಂದು. ನೂರಕ್ಕೆ 46.9 ಸಲ ಮನಸ್ಸು ಬೇರೆಲ್ಲೋ ಇತ್ತು. ಬೇರೆಲ್ಲೋ ಇದ್ದಾಗ ಜನ ಅಷ್ಟು ಖುಷಿಯಾಗಿರಲಿಲ್ಲ, ಮಾಡುತ್ತಿದ್ದ ಕೆಲಸ ಯಾವುದೇ ಇರಲಿ.

ಇಡೀ ದಿನ ಗಮನವಿಟ್ಟು ಬದುಕಿ ಎಂದು ಹೇಳಿದರೆ ಯಾರಿಗೂ ಆಗುವುದಿಲ್ಲ. ದಿನಕ್ಕೆ ಒಂದೇ ಕೆಲಸ ಆರಿಸಿಕೊಳ್ಳಿ. ಕೈ ತುಂಬಾ ಇರುವ ಕೆಲಸ ಒಳ್ಳೆಯದು: ಸೊಪ್ಪು ಬಿಡಿಸುವುದು, ಹೂ ಕಟ್ಟುವುದು, ಗಿಡಕ್ಕೆ ನೀರು ಹಾಕುವುದು, ಡಿಕಾಕ್ಷನ್ ಇಳಿಸಿ ಕಾಫಿ ಬೆರೆಸುವುದು. ಆ ಹೊತ್ತಿಗೆ ಫೋನ್ ಬೇರೆ ರೂಮಿನಲ್ಲಿ ಇರಲಿ. ಸೈಲೆಂಟ್ ಮಾಡಿ ಪಕ್ಕದಲ್ಲಿ ಇಟ್ಟುಕೊಂಡರೆ ಸಾಲದು, ಕಣ್ಣಿಗೆ ಕಂಡರೆ ಕೈ ಹೋಗುತ್ತದೆ. ಮನಸ್ಸು ನಾಳೆಯ ಮೀಟಿಂಗ್‌ಗೆ ಓಡಿದರೆ ಬೈದುಕೊಳ್ಳಬೇಡಿ, ಹಾಲು ಉಕ್ಕುವುದನ್ನು ನೋಡಿ, ಸಾಕು.

ಜೊತೆಗೆ ಕಾಲಿಗೆ ಚುಚ್ಚುವ ಮುಳ್ಳುಗಳನ್ನೂ ತೆಗೆಯಿರಿ. ಸೋರುವ ನಲ್ಲಿ, ಕಿರ್ರೆನ್ನುವ ಬಾಗಿಲು, ಊಟದ ಹೊತ್ತಿಗೆ ಕಿರುಚುವ ನ್ಯೂಸ್ ಚಾನೆಲ್, ಬೆಳಗ್ಗೆ ಎದ್ದ ಕೂಡಲೇ ಜಗಳ ತೋರಿಸುವ ವಾಟ್ಸಾಪ್ ಗ್ರೂಪ್. ಗ್ರೂಪ್ ಬಿಟ್ಟರೆ ದೊಡ್ಡಪ್ಪನಿಗೆ ಬೇಜಾರಾಗುತ್ತದೆ ಎಂದರೆ ಮ್ಯೂಟ್ ಮಾಡಿ. ಒಂದು ಭಾನುವಾರ ಬೆಳಗ್ಗೆ ಇದಕ್ಕೇ ಇಡಿ.

ಜನ ಬೇಕು

ನಿಮ್ಮ ಪಟ್ಟಿಯನ್ನು ಮತ್ತೆ ತೆಗೆದು ನೋಡಿದರೆ ಬಹುಪಾಲು ಸಾಲುಗಳಲ್ಲಿ ಇನ್ನೊಬ್ಬರು ಇರುತ್ತಾರೆ. ಒಬ್ಬರೇ ಇರುವುದು ಇಷ್ಟ ಎನ್ನುವವರ ಪಟ್ಟಿಯಲ್ಲೂ.

ಅಪರಿಚಿತರಿಂದ ಶುರು ಮಾಡಿ, ಅದು ಸುಲಭ. ಶಿಕಾಗೋದ ಲೋಕಲ್ ರೈಲುಗಳಲ್ಲಿ ನಿಕೋಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಕೆಲವು ಪ್ರಯಾಣಿಕರಿಗೆ ಪಕ್ಕದವರನ್ನು ಮಾತಾಡಿಸಿ ಎಂದು ಹೇಳಿದರು. ಹೀಗೆ ಮಾತಾಡಿಸಿದರೆ ಕಿರಿಕಿರಿಯಾಗುತ್ತದೆ ಎಂದು ಜನ ಅಂದುಕೊಂಡಿದ್ದರು. ಮಾತಾಡಿಸಿದವರಿಗೆ ಮಾತ್ರ ಆ ಪ್ರಯಾಣ ಸುಮ್ಮನೆ ಕೂತವರಿಗಿಂತ ಚೆನ್ನಾಗಿತ್ತು. ಇದು ಬಂದದ್ದು 2014ರಲ್ಲಿ. ನಮ್ಮ ಮೆಟ್ರೋದಲ್ಲೂ ಈಗ ಎಲ್ಲರ ಕಿವಿಯಲ್ಲೂ ಇಯರ್‌ಫೋನ್. ಆದರೆ ನಮ್ಮಲ್ಲಿ "ಊಟ ಆಯ್ತಾ?" ಅನ್ನುವ ಮಾತು ಇದೆಯಲ್ಲ, ಅದಕ್ಕೆ ಕಾರಣವೇ ಬೇಕಿಲ್ಲ. ಸೆಕ್ಯುರಿಟಿ ಅಣ್ಣನಿಗೆ, ಹೂ ಮಾರುವ ಅಮ್ಮನಿಗೆ, ಲಿಫ್ಟ್‌ನಲ್ಲಿ ಸಿಗುವ ಅಜ್ಜನಿಗೆ ದಿನಕ್ಕೊಂದು ಸಲ ಹೇಳಿ. ಹೂವಿನ ಅಮ್ಮನ ಹತ್ತಿರ ಮೊಳಕ್ಕೆ ಎಷ್ಟು ಎಂದು ಮಾತ್ರ ಕೇಳದೆ, ಇವತ್ತು ಮಾರ್ಕೆಟ್‌ನಲ್ಲಿ ಮಲ್ಲಿಗೆ ಹೇಗೆ ಬಂತು ಎಂದು ಕೇಳಿ ನೋಡಿ. ಹೆಣ್ಣುಮಕ್ಕಳು ಎಲ್ಲಿ ಸುರಕ್ಷಿತ ಅನ್ನಿಸುತ್ತದೋ ಅಲ್ಲಿ ಮಾತ್ರ ಮಾಡಿ, ಇಲ್ಲದ ಕಡೆ ಬಿಟ್ಟುಬಿಡಿ.

ಇನ್ನೊಬ್ಬರಿಗೆ ಸ್ವಲ್ಪ ಖರ್ಚು ಮಾಡುವುದೂ ಒಳ್ಳೆ ದಾರಿ. 2008ರ ಒಂದು ಪ್ರಯೋಗದಲ್ಲಿ ಬೆಳಗ್ಗೆ ಜನರ ಕೈಗೆ ಐದು ಅಥವಾ ಇಪ್ಪತ್ತು ಡಾಲರ್ ಕೊಟ್ಟು ಕಳಿಸಿದ್ದರು. ಸಂಜೆ ಜಾಸ್ತಿ ಖುಷಿಯಾಗಿದ್ದವರು ಅದನ್ನು ಬೇರೆಯವರಿಗೆ ಖರ್ಚು ಮಾಡಿದವರು, ಮೊತ್ತ ಎಷ್ಟು ಎನ್ನುವುದು ಲೆಕ್ಕಕ್ಕೆ ಬರಲಿಲ್ಲ. ಆಫೀಸಿನ ಹೊಸ ಹುಡುಗನಿಗೆ ಒಂದು ಟೀ ಕೊಡಿಸಿ, ಜೊತೆಗೆ ನಿಂತು ಕುಡಿಯಿರಿ.

ಕಷ್ಟವಾದದ್ದು ಹಳೇ ಸ್ನೇಹ. ದೂರ, ಟ್ರಾಫಿಕ್, ಮಕ್ಕಳ ಪರೀಕ್ಷೆ. "ಒಂದಿನ ಸಿಗೋಣ" ಎಂದು ವರ್ಷಗಟ್ಟಲೆ ಹೇಳುತ್ತಾ ಇರುತ್ತೇವೆ, ಆ ಒಂದು ದಿನ ಕ್ಯಾಲೆಂಡರ್‌ನಲ್ಲಿ ಎಲ್ಲೂ ಇರುವುದಿಲ್ಲ. ಸಿಗುವುದಕ್ಕೆ ದಿನ, ಗಂಟೆ, ಜಾಗ ಮೂರೂ ಬೇಕು. ಮೂರನ್ನೂ ನೀವೇ ಹೇಳಿ, ಅವರಿಗೆ ಹೂಂ ಅನ್ನುವುದೊಂದೇ ಉಳಿಯಲಿ. ಬೆಳಗಿನ ಹೊತ್ತು ಒಳ್ಳೆಯದು, ಟ್ರಾಫಿಕ್ ಇರುವುದಿಲ್ಲ, ಮನೆಯವರೂ ಇನ್ನೂ ಎದ್ದಿರುವುದಿಲ್ಲ. ಖರ್ಚಿನ ಜಾಗ ಬೇಡ. ಬೆಂಗಳೂರಿನಲ್ಲಿ ಲಾಲ್‌ಬಾಗ್ ಇದೆ, ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆ, ಧಾರವಾಡದಲ್ಲಿ ಸಾಧನಕೇರಿ. ಊರಿನಲ್ಲಿದ್ದರೆ ದೇವಸ್ಥಾನದ ಜಗಲಿ. ನಡೆಯುತ್ತಾ ಮಾತಾಡುವುದು ಕೂತು ಮಾತಾಡುವುದಕ್ಕಿಂತ ಸುಲಭ, ನಡುವೆ ಮಾತು ನಿಂತರೂ ಮುಜುಗರ ಆಗುವುದಿಲ್ಲ. ಮುಗಿಸಿ ಇಡ್ಲಿ ವಡೆ ತಿಂದು ಹತ್ತು ಗಂಟೆಯೊಳಗೆ ಮನೆಗೆ ಬರಬಹುದು. ಹೊರಡುವ ಮೊದಲು ಮುಂದಿನ ಸಲದ್ದನ್ನೂ ಅಲ್ಲೇ ನಿಂತು ನಿಗದಿ ಮಾಡಿ, ತಿಂಗಳ ಎರಡನೇ ಭಾನುವಾರ ಎಂದು ಕಾಯಂ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲದರಲ್ಲಿ ಒಂದನ್ನು ಮಾತ್ರ ಮಾಡಲು ಆಗುವುದು ಎಂದರೆ ಇದನ್ನೇ ಮಾಡಿ. ಮೆಸೇಜ್ ಉದ್ದ ಬೇಡ, ಇಷ್ಟು ದಿನ ಫೋನ್ ಮಾಡದ್ದಕ್ಕೆ ಕ್ಷಮೆ ಕೇಳುತ್ತಾ ಕೂರುವುದೂ ಬೇಡ. "ಭಾನುವಾರ ಬೆಳಗ್ಗೆ 7ಕ್ಕೆ ಲಾಲ್‌ಬಾಗ್ ವೆಸ್ಟ್ ಗೇಟ್ ಹತ್ತಿರ ಇರ್ತೀನಿ. ಬರ್ತೀಯಾ? ಆಮೇಲೆ ತಿಂಡಿ" ಎಂದು ಹಾಕಿ. ಆಗುವುದಿಲ್ಲ ಎಂದರೆ ಬೇಜಾರು ಮಾಡಿಕೊಳ್ಳದೆ ಅದರ ಮುಂದಿನ ಭಾನುವಾರ ಕೇಳಿ. ಉತ್ತರವೇ ಬರದಿದ್ದರೆ ಸಂಜೆ ಒಂದು ಸಲ ಫೋನ್ ಮಾಡಿ, ಎಷ್ಟೋ ಜನ ಮೆಸೇಜ್ ನೋಡುವುದೇ ಇಲ್ಲ.